ಎಡಗಡೆ ಬೆಂಚಿನ ಕೆಳಗಿನ ವೈರು

ಆ ವ್ಯಾನು ನನ್ನ ಅಂಗಡಿಗೆ ಬಂದಾಗ ಚೆನ್ನಾಗಿಯೇ ಓಡುತ್ತಿತ್ತು. ಅದೇ ತೊಂದರೆ. ಕೆಟ್ಟು ನಿಂತ ಗಾಡಿಯನ್ನು ಎಳೆದು ತಂದರೆ ಅದು ಎಲ್ಲಿ ನೋಯುತ್ತಿದೆ ಎಂದು ಹೇಳುತ್ತದೆ. ದಾರಿಯಲ್ಲಿ ನಿಂತು, ತನ್ನಷ್ಟಕ್ಕೆ ತಾನೇ ಸರಿಯಾಗಿ, ಅಂಗಡಿಯ ಮುಂದೆ ಬಂದು ಸಾಧುವಿನ ಹಾಗೆ ನಿಲ್ಲುವ ಗಾಡಿ ಇದೆಯಲ್ಲ, ಅದರಷ್ಟು ತಲೆ ತಿನ್ನುವುದು ಇನ್ನೊಂದಿಲ್ಲ. ಹುಣಸೂರಿನಲ್ಲಿ ಗಾಡಿಗಳ ಎಲೆಕ್ಟ್ರಿಕ್ ಕೆಲಸ ಮಾಡಿಕೊಂಡಿರುವ ನನಗೆ ಅಂಥ ಗಾಡಿ ಕಂಡರೆ ಮೊದಲು ಬರುವುದು ಕೋಪ.

ತಂದವರು ಕಂಪಲಾಪುರದ ಒಳಗಿನ ಒಂದು ಹಳ್ಳಿಯವರು, ನನಗಿಂತ ಹಿರಿಯರು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ವ್ಯಾನು ನಿಲ್ಲಿಸಿಕೊಂಡು ಕಾದಿದ್ದರು. ಹಳೆಯ ಡೀಸೆಲ್ ವ್ಯಾನು. ಹಿಂದೆ ಎರಡೂ ಕಡೆ ಉದ್ದನೆಯ ಬೆಂಚು, ನಡುವೆ ಖಾಲಿ ನೆಲ, ನೆಲದ ಮೇಲೆ ರಬ್ಬರ್ ಮ್ಯಾಟು. ತಂಬಾಕಿನ ಎಲೆ ಮುರಿಯುವ ಕಾಲದಲ್ಲಿ ಕೂಲಿಯವರನ್ನು ಹೊಲಕ್ಕೆ ಬಿಡುವುದು, ಮಿಕ್ಕ ದಿನ ಮದುವೆಗೋ ಆಸ್ಪತ್ರೆಗೋ ಬಾಡಿಗೆ ಹೋಗುವುದು ಅವರ ಜೀವನ. ನಾನು ಎಂದಿನಂತೆ, ಏನು ಕಂಪ್ಲೇಂಟು ಎಂದೆ.

"ಮೇಸ್ತ್ರಿ, ಗಾಡಿ ರಿಪೇರಿ ಆಗ್ದಿದ್ರೂ ಪರ್ವಾಗಿಲ್ಲ. ಅವತ್ತು ಯಾಕೆ ನಿಂತ್ಕತ್ತು ಅಂತ ಒಂದು ಏಳ್ಬುಡಿ, ಸಾಕು."

ಅವತ್ತು ಎಂದರೆ ಯಾವತ್ತು ಎಂದು ಕೇಳಿದ ಮೇಲೆ ಹೇಳಿದರು. ಅವರ ಹೆಂಡತಿಗೆ ಎದೆನೋವು ಬಂದು, ಇದೇ ವ್ಯಾನಿನಲ್ಲಿ ಮಲಗಿಸಿಕೊಂಡು ಹುಣಸೂರಿನ ಆಸ್ಪತ್ರೆಗೆ ಹೊರಟಿದ್ದರು. ಕಂಪಲಾಪುರ ದಾಟಿ ದೊಡ್ಡ ರಸ್ತೆಯಲ್ಲಿ ಬರುವಾಗ ಗಾಡಿ ನಿಂತಿತು. ಕೀ ತಿರುಗಿಸಿದರೆ ಒಂದು ಲೈಟೂ ಇಲ್ಲ, ಸದ್ದೂ ಇಲ್ಲ. ಆಕೆಯನ್ನು ಕೆಳಗಿಳಿಸಿ ಮರದ ಬುಡದಲ್ಲಿ ಮಲಗಿಸಿ, ಬೇರೆ ಗಾಡಿಗಳಿಗೆ ಕೈ ಅಡ್ಡ ಹಾಕಿದರು. ಯಾರೂ ನಿಲ್ಲಿಸಲಿಲ್ಲ. ಕೊನೆಗೆ ಇನ್ನೊಂದು ಸಲ ಕೀ ತಿರುಗಿಸಿದರೆ ವ್ಯಾನು ಏನೂ ಆಗಿಲ್ಲವೇನೋ ಎಂಬಂತೆ ಶುರುವಾಯಿತು. ಮತ್ತೆ ಮಲಗಿಸಿಕೊಂಡು ಹೊರಟರು, ಮತ್ತೆ ನಿಂತಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಕೆ ಇರಲಿಲ್ಲ. ತಿಥಿ ಮುಗಿಸಿ ನೇರ ನನ್ನ ಹತ್ತಿರ ಬಂದಿದ್ದರು.

ಸಾವಿನ ಮನೆಯಲ್ಲಿ ಆಡುವ ಮಾತು ನನಗೆ ಬರುವುದಿಲ್ಲ. ಬಾನೆಟ್ ತೆಗೆದೆ.

ಇದು ಮೊದಲನೇ ಸಲ ನಿಂತದ್ದಲ್ಲ. ಅದಕ್ಕೂ ಮುಂಚೆ ಆಗೊಮ್ಮೆ ಈಗೊಮ್ಮೆ ನಿಂತು, ತಾನೇ ಸರಿಹೋಗುತ್ತಿತ್ತು. ಪಿರಿಯಾಪಟ್ಟಣದಲ್ಲಿ ಒಬ್ಬರು ಬ್ಯಾಟರಿ ಹೋಗಿದೆ ಎಂದು ಹೊಸದು ಹಾಕಿದ್ದರು. ಇನ್ನೊಬ್ಬರು ಆಲ್ಟರ್ನೇಟರ್ ಬಿಚ್ಚಿ ಕಟ್ಟಿದ್ದರು. ಮತ್ತೊಬ್ಬರು ಕೀ ಸ್ವಿಚ್ಚನ್ನೇ ಬದಲಾಯಿಸಿದ್ದರು. ಹೀಗೆ ಕಣ್ಣು ಮುಚ್ಚಿಕೊಂಡು ಸಾಮಾನು ಬದಲಾಯಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅವರನ್ನು ಬೈದು ಆಗುವುದೇನು, ನನ್ನ ಎದುರಿಗೂ ಅದು ಸರಿಯಾಗಿಯೇ ನಿಂತಿತ್ತು.

ಪಕ್ಕದ ಅಂಗಡಿಯ ಡೀಸೆಲ್ ಪಂಪು ಮೆಕ್ಯಾನಿಕ್ ಬಂದು ಇಣುಕಿದ. ಡೀಸೆಲ್ ಗಾಡಿ ಒಂದು ಸಲ ಶುರುವಾದರೆ ಅದಕ್ಕೆ ಕರೆಂಟು ಯಾಕೆ ಬೇಕು ಎಂದು ಹಳಬರು ಹೇಳುತ್ತಾರೆ. ತೀರಾ ಹಳೆಯ ಗಾಡಿಗಳಲ್ಲಿ ಆ ಮಾತು ನಿಜ. ಈ ವ್ಯಾನಿನ ಡೀಸೆಲ್ ಪಂಪಿನ ಮೇಲೆ ಹೆಬ್ಬೆರಳು ಗಾತ್ರದ ಒಂದು ಸೊಲೆನಾಯ್ಡ್ ಇದೆ. ಅದಕ್ಕೆ ಕರೆಂಟು ಬರುತ್ತಿರುವಷ್ಟು ಹೊತ್ತು ಡೀಸೆಲ್ ಹೋಗುವ ದಾರಿ ತೆರೆದಿರುತ್ತದೆ. ಕರೆಂಟು ತಪ್ಪಿತೋ, ದಾರಿ ಮುಚ್ಚಿ ಇಂಜಿನ್ ನಿಲ್ಲುತ್ತದೆ. ಅವನು ಅದನ್ನು ಬಿಚ್ಚಿ ನೋಡಿದ, ಚೆನ್ನಾಗಿತ್ತು. ಲೈಟು, ಹಾರನ್ನು, ಸೊಲೆನಾಯ್ಡು ಎಲ್ಲ ಒಟ್ಟಿಗೇ ಹೋಗುತ್ತವೆ ಎಂದ ಮೇಲೆ ಎಲ್ಲಕ್ಕೂ ಮೂಲವಾದ ಎಲ್ಲೋ ಒಂದು ಕಡೆ ಕರೆಂಟು ಕಡಿಯುತ್ತಿದೆ. ಅಷ್ಟು ಗೊತ್ತಾಯಿತು. ಎಲ್ಲಿ ಎನ್ನುವುದೇ ಗೊತ್ತಾಗಬೇಕಿತ್ತು.

ಬ್ಯಾಟರಿಯ ಕಂಬಗಳನ್ನು ಕೆರೆದು ತಿಕ್ಕಿದೆ. ಅರ್ಥಿಂಗ್ ಕೇಬಲ್‌ಗಳನ್ನು ಬಿಚ್ಚಿ, ಕೂತ ಜಾಗವನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಮತ್ತೆ ಬಿಗಿದೆ. ಇಂಜಿನ್ ಓಡಿಸಿಟ್ಟು, ಹೆಡ್‌ಲೈಟು ಹಾಕಿ, ವೈರಿಂಗನ್ನು ಒಂದು ತುದಿಯಿಂದ ಅಲುಗಾಡಿಸುತ್ತಾ ಬಂದೆ. ಮೀಟರ್ ಇಟ್ಟ ಕಡೆಯಲ್ಲೆಲ್ಲ ಸರಿಯಾದ ವೋಲ್ಟೇಜು. ಖಾಲಿ ಗಾಡಿಯನ್ನು ನಾನೇ ಕೆ.ಆರ್. ನಗರದ ರಸ್ತೆಯಲ್ಲಿ ಓಡಿಸಿಕೊಂಡು ಬಂದೆ. ಹೋದಷ್ಟು ದೂರವೂ ಚೆನ್ನಾಗಿ ಓಡಿತು.

ಕೊನೆಗೆ ಫ್ಯೂಸ್ ಬಾಕ್ಸಿನ ಹಿಂದೆ ಒಂದು ಪಿನ್ನು ಸಡಿಲವಾಗಿದ್ದದ್ದು ಸಿಕ್ಕಿತು. ಇದೇ ಕಳ್ಳ ಎಂದುಕೊಂಡು ಸಂತೋಷಪಟ್ಟೆ. ಬಿಗಿ ಮಾಡಿ, ಯಜಮಾನರನ್ನು ಕರೆದು ತೋರಿಸಿ, ಕಳಿಸಿಕೊಟ್ಟೆ. ಅವರು ಆ ಪಿನ್ನನ್ನು ಬಹಳ ಹೊತ್ತು ನೋಡಿದರು. ಇಷ್ಟೇನಾ ಎಂದು ಕೇಳಿದರು. ಇಷ್ಟೇ ಎಂದೆ.

ಅದು ಇಷ್ಟೇ ಆಗಿರಲಿಲ್ಲ. ವಾರ ಕಳೆಯುವುದರೊಳಗೆ ತಂಬಾಕಿನ ಕೂಲಿಯವರನ್ನು ಕೂರಿಸಿಕೊಂಡು ಹೋಗುವಾಗ ಮತ್ತೆ ನಿಂತಿತು. ಹೆಂಗಸರೆಲ್ಲ ಇಳಿದು ಹೊಲಗಳ ಮೇಲೆ ನಡೆದೇ ಹೋದರಂತೆ. ನಾಳೆಯಿಂದ ಈ ಗಾಡಿಗೆ ನಾವು ಹತ್ತುವುದಿಲ್ಲ ಎಂದೂ ಹೇಳಿದರಂತೆ. ಗಾಡಿ ಮತ್ತೆ ತಂದ ಯಜಮಾನರನ್ನು ಯಾಕೆ ಎಂದು ಕೇಳಿದೆ. ಅದಕ್ಕೆ ಅವರು ಮೊದಲು ಹೇಳದೇ ಇದ್ದ ಒಂದು ವಿಷಯ ಹೇಳಿದರು.

ಸುತ್ತಲಿನ ಹಳ್ಳಿಗಳಲ್ಲಿ ಯಾರು ತೀರಿಕೊಂಡರೂ ಆಸ್ಪತ್ರೆಯಿಂದ ಹೆಣ ತರಲು ಹೋಗುತ್ತಿದ್ದದ್ದು ಈ ವ್ಯಾನು. ಬಾಡಿಗೆ ಗಾಡಿಯವರು ಹೆಣ ಎಂದರೆ ಹಿಂದೆ ಸರಿಯುತ್ತಾರೆ, ಆಮೇಲೆ ಮದುವೆಯವರು ಕರೆಯುವುದಿಲ್ಲ ಎಂದು. ಇವರು ಒಲ್ಲೆ ಎಂದವರಲ್ಲ. ಎರಡು ಬೆಂಚುಗಳ ನಡುವೆ ನೆಲದ ಮೇಲೆ ಮಲಗಿಸಿಕೊಂಡು ತರುತ್ತಿದ್ದರು. ಈಗ ಊರಿನವರು, ಹೊತ್ತ ಹೆಣಗಳೆಲ್ಲ ವ್ಯಾನಿನಲ್ಲೇ ಕೂತಿವೆ, ಅವೇ ಹೆಂಡತಿಯನ್ನೂ ಕರೆದುಕೊಂಡವು ಎನ್ನುತ್ತಿದ್ದರು.

"ಸೂತಕ ಇಟ್ಕಂಡು ಒಂದಿನಾನೂ ಓಡ್ಸಿಲ್ಲ ಮೇಸ್ತ್ರಿ," ಎಂದರು. "ಎಣ ಇಳ್ಸಿ ಬಂದು ಓಣಿ ತಲೇಲಿ ನಿಂತು ಒಂದು ಆರನ್ ಒಡೀತಿದ್ದೆ. ಅವ್ಳು ಬಕೀಟು ತರೋಳು. ಗಂಜ್ಲ, ಅರಿಸ್ನ, ಒಂದು ಇಡಿ ಉಪ್ಪು ಕದಡಿ ಒಳಗೆಲ್ಲ ಉಯ್ದು, ನನ್ ತಲೆಗೂ ಚುಮುಕಿಸಿದ ಮೇಲೇನೇ ಮನೆ ತಾವಕ್ಕೆ ಬತ್ತಿದ್ದುದು. ಇನ್ನೇನು ಮಾಡ್ಬೇಕಿತ್ತು ನಾನು?"

ಪಂಪು ಮೆಕ್ಯಾನಿಕ್, ದೆವ್ವ ಬಿಡಿಸುವ ಕೆಲಸ ಯಾವಾಗಿನಿಂದ ಶುರು ಮಾಡಿದೆ ಎಂದು ನನ್ನನ್ನು ರೇಗಿಸಿದ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅವತ್ತು ಸುಮ್ಮನೆ ಹೋಗಯ್ಯ ನಿನ್ನ ಕೆಲಸ ನೋಡಿಕೋ ಎಂದು ಗದರಿಬಿಟ್ಟೆ. ಯಜಮಾನರು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು, ಅವರಿಗೆ ಕೇಳಿಸಿತ್ತು.

ನಾನು ಯೋಚಿಸಿದೆ. ಅಂಗಡಿಯಲ್ಲಿ ಖಾಲಿ ನಿಂತಾಗ ಸರಿ ಇರುತ್ತದೆ, ನಾನೊಬ್ಬನೇ ಓಡಿಸಿದಾಗಲೂ ಸರಿ ಇರುತ್ತದೆ. ಜನ ಕೂತಾಗ ನಿಲ್ಲುತ್ತದೆ. ಹಾಗಾದರೆ ಇನ್ನು ಬಿಚ್ಚುತ್ತಾ ಕೂರುವುದಲ್ಲ, ನಿಂತ ದಿನ ಹೇಗಿತ್ತೋ ಹಾಗೆಯೇ ಓಡಿಸಿ ನೋಡಬೇಕು. ಅವತ್ತು ಯಾರು ಎಲ್ಲೆಲ್ಲಿ ಇದ್ದಿರಿ ಎಂದು ಕೇಳಿದೆ. ಆಕೆ ಎಡಗಡೆ ಬೆಂಚಿನ ಮೇಲೆ ಮಲಗಿದ್ದರು, ತಲೆ ಹಿಂದಿನ ಬಾಗಿಲಿನ ಕಡೆಗೆ. ಪಕ್ಕದ ಮನೆಯ ಹೆಂಗಸು ಕೆಳಗೆ ಕೂತು ಹಿಡಿದುಕೊಂಡಿದ್ದರು.

ಹಾಗಾದರೆ ನಾನು ಅಲ್ಲಿ ಮಲಗುತ್ತೇನೆ, ನೀವು ಅದೇ ದಾರಿಯಲ್ಲಿ ಓಡಿಸಿ ಎಂದೆ.

ಅವರ ಮುಖ ಇಳಿದುಹೋಯಿತು. ಬೇಕಿದ್ದರೆ ರಾಗಿ ಮೂಟೆ ತಂದು ಹಾಕೋಣ, ಆ ಜಾಗದಲ್ಲಿ ಮಲಗುವುದು ಬೇಡ ಎಂದರು. ಮೂಟೆಗೆ ಕಣ್ಣಿಲ್ಲವಲ್ಲ, ಏನು ಹೋಯಿತು ಏನು ಉಳಿಯಿತು ಎಂದು ನೋಡುವವರು ಬೇಕು ಎಂದು ತಿಳಿಸಿ ಹೇಳಿದೆ. ಹೇಳುವಾಗ ನನಗೇ ಕಷ್ಟವಾಯಿತು. ಅವರು ಎದ್ದು ರಸ್ತೆಯ ತನಕ ಹೋಗಿ, ನಿಂತು, ವಾಪಸ್ ಬಂದು, ಆಗಲಿ ಎಂದರು.

ಈ ಸಲ ಮೀಟರನ್ನು ನಂಬಲಿಲ್ಲ. ಒಂದೇ ಒಂದು ಎಳೆ ತಂತಿ ತಾಗಿಕೊಂಡಿದ್ದರೂ ಮೀಟರ್ ಹನ್ನೆರಡು ವೋಲ್ಟ್ ತೋರಿಸಿ ಕೈ ತೊಳೆದುಕೊಳ್ಳುತ್ತದೆ. ಬಲ್ಬು ಹಾಗಲ್ಲ, ಅದಕ್ಕೆ ನಿಜವಾಗಿ ಕರೆಂಟು ಬೇಕು. ಎರಡು ಹೆಡ್‌ಲೈಟ್ ಬಲ್ಬು ತೆಗೆದುಕೊಂಡೆ. ಒಂದನ್ನು ನೇರ ಬ್ಯಾಟರಿಗೆ ಕೊಟ್ಟೆ. ಇನ್ನೊಂದನ್ನು ಕೀ ಸ್ವಿಚ್ಚಿಗೆ ಕರೆಂಟು ತರುವ ಮೇನ್ ವೈರಿನ ಕೊನೆಗೆ ಕೊಟ್ಟೆ. ಎರಡೂ ಆರಿದರೆ ತೊಂದರೆ ಬ್ಯಾಟರಿಯ ಹತ್ತಿರ. ಎರಡನೆಯದೊಂದೇ ಆರಿದರೆ ನಡುವಿನ ವೈರಿನಲ್ಲಿ. ಎರಡನ್ನೂ ನನ್ನ ಕಣ್ಣಿಗೆ ಕಾಣುವ ಹಾಗೆ ಮೇಲಿನ ಕಂಬಿಗೆ ಕಟ್ಟಿದೆ.

ಮಧ್ಯಾಹ್ನದ ಬಿಸಿಲಿನಲ್ಲಿ ಕಂಪಲಾಪುರದಿಂದ ಹೊರಟೆವು. ಬೆಂಚಿನ ಮೇಲೆ ಮಲಗಿದವನಿಗೆ ಕಾಣುತ್ತಿದ್ದದ್ದು ಆ ಎರಡು ಬಲ್ಬು, ಅದರಾಚೆಗೆ ಯಜಮಾನರ ಬೆನ್ನು ಮತ್ತು ಕುತ್ತಿಗೆ. ಆಕೆಗೂ ಕೊನೆಗೆ ಕಂಡದ್ದು ಇದೇ ಬೆನ್ನು ಎಂದು ನೆನಪಾಗಿ ಕಣ್ಣನ್ನು ಬಲ್ಬುಗಳ ಕಡೆಗೇ ತಿರುಗಿಸಿದೆ. ಒಂದು ಹಂಪ್ ದಾಟಿದಾಗ ಎರಡನೇ ಬಲ್ಬು ಮಿಣುಕಿತು. ಮುಂದಿನ ಹಂಪಿಗೆ ಆರಿಹೋಯಿತು. ಇಂಜಿನ್ ಸದ್ದು ನಿಂತು, ಚಕ್ರಗಳ ಸದ್ದಷ್ಟೇ ಉಳಿಯಿತು. ವ್ಯಾನು ಹಾಗೇ ಉರುಳಿಕೊಂಡು ರಸ್ತೆ ಪಕ್ಕಕ್ಕೆ ಹೋಗಿ ನಿಂತಿತು. ಮೊದಲನೇ ಬಲ್ಬು ಉರಿಯುತ್ತಲೇ ಇತ್ತು.

"ಅವತ್ತೂ ಇಂಗೇ," ಎಂದರು, ತಿರುಗಿ ನೋಡದೆ. "ಸದ್ದೇ ಇಲ್ಲ."

ನಾನು ಎದ್ದು ನಿಂತೆ. ಎರಡನೇ ಬಲ್ಬು ಹತ್ತಿಕೊಂಡಿತು, ಮುಂದೆ ಮೀಟರ್ ಬೋರ್ಡಿನ ಕೆಂಪು ದೀಪವೂ ಹತ್ತಿತು. ಮತ್ತೆ ಬೆಂಚಿನ ಮೇಲೆ ಭಾರ ಬಿಟ್ಟು ಕೂತೆ, ಆ ಬಲ್ಬೂ ಕೆಂಪು ದೀಪವೂ ಆರಿದವು. ಎದ್ದೆ, ಹತ್ತಿದವು. ಇಷ್ಟು ದಿನ ಹುಡುಕಿದ್ದು ಸಿಕ್ಕಿತಲ್ಲ ಎಂದು ಆ ಕ್ಷಣ ಖುಷಿಯಾದದ್ದು ನಿಜ. ಮರುಕ್ಷಣವೇ ಯಜಮಾನರು ಆ ಕೆಂಪು ದೀಪವನ್ನೇ ನೋಡುತ್ತಾ ಕೂತಿರುವುದು ಕಾಣಿಸಿತು. ನಾನು ಹೇಳದೆ ಬಿಡೋಣ ಎಂದುಕೊಂಡಿದ್ದನ್ನು ಅವರೇ ಹೇಳಿದರು.

"ಅವ್ಳನ್ನ ಇಳ್ಸಿದ್ಮೇಲೆ ಶುರುವಾಯ್ತು. ತಿರ್ಗಾ ಅಲ್ಲೇ ಮಲಗಿಸ್ದೆ ನಾನು. ಆ ಕಡೆ ಬೆಂಚ್ ಮೇಲೆ ಮಲಗಿಸಿದ್ರೆ ಓಗ್ಬುಡ್ತಿತ್ತಲ್ವಾ?"

ಗಾಡಿ ಓಡುತ್ತಿತ್ತು, ಆದರೆ ಆಕೆ ಉಳಿಯುತ್ತಿದ್ದರೋ ಇಲ್ಲವೋ ಅದು ನನಗೆ ಗೊತ್ತಿಲ್ಲ ಎಂದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಸುಳ್ಳಾಗುತ್ತಿತ್ತು. ಅವರು ಸ್ಟೀರಿಂಗ್ ಮೇಲೆ ತಲೆ ಇಟ್ಟುಕೊಂಡು ಅತ್ತರು. ನಾನು ಕೆಳಗಿಳಿದು ರಸ್ತೆಯ ಕಡೆ ಮುಖ ಮಾಡಿ ನಿಂತೆ. ಕೊಡಗಿನ ಕಡೆಯಿಂದ ಬಂದ ಬಸ್ಸುಗಳು ಒಂದರ ಹಿಂದೆ ಒಂದು ಹುಣಸೂರಿಗೆ ಹೋಗುತ್ತಿದ್ದವು.

ಆಮೇಲೆ ನಾನೇ ವ್ಯಾನು ಓಡಿಸಿಕೊಂಡು ಬಂದೆ. ಹಿಂದಿನ ಬೆಂಚುಗಳಲ್ಲಿ ಯಾರೂ ಕೂರಲಿಲ್ಲ. ಅಂಗಡಿಯಲ್ಲಿ ಎಡಗಡೆ ಬೆಂಚನ್ನು ಬಿಚ್ಚಿ ಹೊರಗಿಟ್ಟು ಮ್ಯಾಟು ಎತ್ತಿದೆ. ಗಾಡಿಯ ಹಿಂಭಾಗದ ಬ್ಯಾಟರಿ ಬಾಕ್ಸಿನಿಂದ ಮುಂದಕ್ಕೆ ಹೋಗುವ ದಪ್ಪನೆಯ ಮೇನ್ ವೈರು ಮ್ಯಾಟಿನ ಅಡಿಯಲ್ಲಿ, ಬೆಂಚಿನ ಕಾಲಿಗೆ ಒತ್ತಿಕೊಂಡೇ ಹೋಗಿತ್ತು. ಹಿಂದೆ ಯಾವಾಗಲೋ ಬೆಂಚು ಕೂರಿಸಿದವನು ಮೇಲೆ ಹಾಯಿಸಲು ಸೋಮಾರಿತನಪಟ್ಟು ನೆಲದ ಮೇಲೆ ಎಳೆದುಬಿಟ್ಟಿದ್ದ. ವೈರಿನ ಮೇಲ್ಮೈ ನೋಡಿದರೆ ಏನೂ ಆಗಿರಲಿಲ್ಲ, ಒಂದು ಗೀರು ಕೂಡ ಕಣ್ಣಿಗೆ ಬೀಳಲಿಲ್ಲ. ಆದರೆ ಬೆಂಚಿನ ಕಾಲಿನ ಹತ್ತಿರ ಬಗ್ಗಿಸಿದರೆ ಹಸಿ ದಾರದ ಹಾಗೆ ಮೆತ್ತಗೆ ಬಗ್ಗಿತು. ತಾಮ್ರ ಇದ್ದಿದ್ದರೆ ಹಾಗೆ ಬಗ್ಗುತ್ತಿರಲಿಲ್ಲ.

ಬ್ಲೇಡಿನಲ್ಲಿ ಸೀಳಿದೆ. ಒಳಗೆಲ್ಲ ಕಿಲುಬು. ಸ್ವಲ್ಪ ಹಿಂದೆ, ಟೇಪು ಸುತ್ತಿದ ಹಳೆಯ ಜಾಯಿಂಟಿನ ಸಂದಿಯಿಂದ ನೀರು ಒಳಗೆ ಇಳಿದಿತ್ತು. ತಂತಿಯ ಎಳೆಗಳು ಹಸಿರು ಪುಡಿಯಾಗಿ ಅಂಗೈಗೆ ಉದುರಿದವು. ಎಲ್ಲೋ ಒಂದೆರಡು ಎಳೆ ಉಳಿದುಕೊಂಡಿದ್ದವು, ಅಷ್ಟರ ಮೇಲೆಯೇ ಇಡೀ ಗಾಡಿ ಓಡುತ್ತಿತ್ತು. ಬೆಂಚಿನ ಮೇಲೆ ಭಾರ ಬಿದ್ದು ಕಾಲು ಒತ್ತಿದಾಗ ಅವೂ ಬಿಟ್ಟುಕೊಳ್ಳುತ್ತಿದ್ದವು.

ಬರೀ ಮಳೆನೀರಿಗೆ ಇಷ್ಟು ಬೇಗ ಹೀಗಾಗುವುದಿಲ್ಲ. ಸುತ್ತಲಿನ ತಗಡನ್ನು ನೋಡಿದೆ. ಮ್ಯಾಟಿನ ಅಡಿಯಲ್ಲಿ, ವೈರು ಹೋದ ಉದ್ದಕ್ಕೂ, ನೆಲ ಹಳದಿಯಾಗಿತ್ತು. ಬೆಂಚಿನ ಕಾಲಿನ ಬುಡದಲ್ಲಿ ಬಿಳಿಯ ಉಪ್ಪು ಕಟ್ಟಿಕೊಂಡಿತ್ತು. ಮೂಗಿಗೆ ಗಂಜಲದ ವಾಸನೆ ಬಂತು.

ನನಗೆ ಅರ್ಥವಾಯಿತು. ಮ್ಯಾಟನ್ನು ಮತ್ತೆ ಮುಚ್ಚಿಬಿಡೋಣ ಎಂದು ಕೈ ಹಾಕಿದೆ. ಹಳೇ ವೈರು, ವಯಸ್ಸಾಗಿತ್ತು, ಹೋಯಿತು ಎಂದು ಹೇಳಿದರೆ ಯಾರು ಕೇಳುತ್ತಾರೆ? ಆದರೆ ಯಜಮಾನರು ನನ್ನ ಹೆಗಲ ಹಿಂದೆಯೇ ಬಗ್ಗಿ ನಿಂತಿದ್ದರು. ಕೈ ಚಾಚಿ ಆ ಹಳದಿಯನ್ನು ಬೆರಳಿನಲ್ಲಿ ಉಜ್ಜಿ ಮೂಸಿ ನೋಡಿದರು.

"ಇದು ಅವ್ಳು ಉಯ್ದ ನೀರು."

ಅವರು ನನ್ನನ್ನು ಕೇಳಿದ್ದೋ, ತಮಗೆ ತಾವೇ ಹೇಳಿಕೊಂಡದ್ದೋ. ನಾನು ಹೌದು ಎಂದೆ. ಬಂದ ದಿನವೇ ಅವರು ನನ್ನಲ್ಲಿ ಕೇಳಿದ್ದು, ಅವತ್ತು ಯಾಕೆ ನಿಂತಿತು ಎಂಬುದೊಂದನ್ನೇ. ಅದನ್ನೂ ಕೊಡದೆ ಕಳಿಸಲು ಮನಸ್ಸು ಬರಲಿಲ್ಲ. ನೀರು ಆಕೆಯದ್ದೇ, ಆದರೆ ತಪ್ಪು ಆಕೆಯದಲ್ಲ, ನೀರು ಬೀಳುವ ಕಡೆ ಮೇನ್ ವೈರು ಎಳೆದವನದು ಎಂದು ಸೇರಿಸಿದೆ. ಅದೂ ನಿಜವೇ. ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು.

"ನಂಗೇನೂ ಆಗ್ಬಾರ್ದು ಅಂತ ಉಯ್ತಿದ್ಲು ಕಣ್ರೀ. ಜ್ವರ ಬಂದು ಮಲಗಿದ್ದಾಗ್ಲೂ ಎದ್ದು ಬಂದು ಉಯ್ದವ್ಳೆ."

ಅಷ್ಟು ಹೇಳಿ ಹೊರಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಪಂಪು ಮೆಕ್ಯಾನಿಕ್ ಟೀ ತಂದುಕೊಟ್ಟ.

ಬ್ಯಾಟರಿಯಿಂದ ಕೀ ಸ್ವಿಚ್ಚಿನ ತನಕ ಒಂದೇ ಉದ್ದದ ಹೊಸ ವೈರು ಹಾಕಿದೆ, ನಡುವೆ ಎಲ್ಲೂ ಜಾಯಿಂಟು ಇಲ್ಲದ ಹಾಗೆ. ಎಲ್ಲಿ ಹಾಯಿಸುವುದು ಎಂದು ಯೋಚಿಸುವಾಗ ಅವರನ್ನು ಕರೆದು, ಇನ್ನು ಮೇಲೆ ಒಳಗೆ ನೀರು ಹಾಕಬೇಡಿ ಎಂದು ಹೇಳಬೇಕೆಂದಿದ್ದೆ. ಬದಲಿಗೆ, ಹೆಣ ತರುವುದನ್ನು ಬಿಡುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು. ನಾನು ಬಿಟ್ಟರೆ ಆ ಜನ ಯಾರ ಹತ್ತಿರ ಹೋಗಬೇಕು ಎಂದರು. ನೀರು ಹಾಕುವುದನ್ನೂ ಬಿಡುವುದಿಲ್ಲ, ಅದು ಅವಳು ಮಾಡುತ್ತಿದ್ದ ಕೆಲಸ ಎಂದರು.

ಸರಿ, ಹಾಗಾದರೆ ನೀರು ಮುಟ್ಟದ ಕಡೆಯೇ ಹಾಕೋಣ ಎಂದು, ವೈರಿಗೆ ಪೈಪು ತೊಡಿಸಿ, ಕಿಟಕಿಯ ಮೇಲಿನಿಂದ, ಚಾವಣಿಯ ಅಂಚಿನಲ್ಲೇ ಹಾಯಿಸಿ ಮುಂದೆ ಇಳಿಸಿದೆ. ನಾಲ್ಕು ಬಕೆಟ್ ನೀರು ಹೊಯ್ದರೂ ಏನೂ ಆಗುವುದಿಲ್ಲ ಎಂದೆ. ಬೆಂಚು ಕೂರಿಸುವ ಮುಂಚೆ ನೆಲದ ಹಳದಿಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಪೇಂಟ್ ಹೊಡೆಯಲು ಹೊರಟಿದ್ದೆ. ಅವರು ಬೇಡ ಎಂದರು. ತಗಡು ತೂತು ಬೀಳುತ್ತದೆ ಎಂದು ಹೇಳಿದೆ. ಬಿದ್ದರೆ ಬೀಳಲಿ ಎಂದರು. ಹಾಗೇ ಬಿಟ್ಟು ಮ್ಯಾಟು ಹಾಕಿದೆ.

ಆಮೇಲೆ ಎಡಗಡೆ ಬೆಂಚಿನ ಮೇಲೆ ನಾನೂ ಪಂಪು ಮೆಕ್ಯಾನಿಕ್ಕೂ ಕೂತು ಕಂಪಲಾಪುರದ ತನಕ ಹೋಗಿ ಬಂದೆವು. ಬಲ್ಬು ಒಂದು ಸಲವೂ ಮಿಣುಕಲಿಲ್ಲ.

ತಂಬಾಕಿನ ಕೆಲಸ ಮುಗಿಯುವ ಹೊತ್ತಿಗೆ ಅವರು ಮತ್ತೊಮ್ಮೆ ಬಂದರು. ವ್ಯಾನು ಕಂಡ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದೆ. ಮತ್ತೆ ನಿಂತಿತೇ ಎಂದೆ. ಇಲ್ಲ, ಚೆನ್ನಾಗಿ ಓಡುತ್ತಿದೆ, ಕೂಲಿಯವರೂ ಹತ್ತುತ್ತಿದ್ದಾರೆ ಎಂದರು. ಹಾರನ್ನು ಬದಲಾಯಿಸಿಕೊಡಿ, ಬೇರೆ ಸದ್ದಿನದು ಹಾಕಿ ಎಂದರು. ನಾನು ಒತ್ತಿ ನೋಡಿದೆ. ಒಳ್ಳೆಯ ಹಾರನ್ನು, ಗಟ್ಟಿಯಾಗಿ ಕೂಗಿತು. ಅವರು ಮುಖ ಆ ಕಡೆ ತಿರುಗಿಸಿಕೊಂಡರು. ಇದಕ್ಕೇನಾಗಿದೆ ಯಜಮಾನ್ರೇ ಎಂದು ಕೇಳಿದೆ.

"ಏನೂ ಆಗಿಲ್ಲ. ಮೊನ್ನೆ ಪಿರಿಯಾಪಟ್ಟಣದಿಂದ ಒಂದು ಎಣ ತಂದುಕೊಟ್ಟು ಬಂದೆ. ಓಣಿ ತಲೇಲಿ ನಿಂತು ಆರನ್ ಒಡ್ದುಬುಟ್ಟೆ. ಬಕೀಟು ಬರ್ಲಿ ಅಂತ ಕಾಯ್ತಾ ಕೂತಿದ್ದೆ ಮೇಸ್ತ್ರಿ. ಸುಮಾರೊತ್ತು ಕೂತಿದ್ದೆ."

ಬೇರೆ ಹಾರನ್ನು ಹಾಕಿ ಕಳಿಸಿದೆ. ಹಳೆಯದು ನನ್ನ ಅಂಗಡಿಯ ಗೂಡಿನಲ್ಲಿದೆ. ಹಾರನ್ನು ಕೇಳಿಕೊಂಡು ಗಿರಾಕಿಗಳು ಬರುತ್ತಲೇ ಇರುತ್ತಾರೆ, ಇದನ್ನು ಯಾರಿಗೂ ಹಾಕಿಲ್ಲ.